ನಲವತ್ತು ನಿಮಿಷ

ಗಂಡ ಹೆಂಡತಿ ಮಾತು ಬಿಟ್ಟು ಅವತ್ತಿಗೆ ಒಂಬತ್ತು ದಿನ. ಪೂರ್ತಿ ಬಿಟ್ಟಿದ್ದರು ಅಂತಲ್ಲ. ಒಂದೇ ಸೂರಿನಡಿ ಒಂದೇ ಕಸುಬು ಮಾಡುವವರಿಗೆ ಅಂಥ ಐಷಾರಾಮ ಎಲ್ಲಿಂದ ಬರಬೇಕು. ಗಿರಾಕಿಗಳ ಮುಂದೆ ‘ಆ ಹಗ್ಗ ಕೊಡಿ’, ‘ಇಗೋ ತಗೊಳ್ಳಿ’ ಅಂತ ನಗುನಗುತ್ತಲೇ ಇರುತ್ತಿದ್ದರು. ಗಿರಾಕಿಗಳು ಬೆನ್ನು ತಿರುಗಿಸಿದ ಕೂಡಲೇ ಇಬ್ಬರ ಬಾಯಿಗೂ ಬೀಗ. ಎಂಟು ವರ್ಷದ ಮಗಳೇ ಅಂಚೆಯವಳು. “ಅಪ್ಪಂಗೆ ಹೇಳು, ಮೂರನೇ ದೋಣಿ ಸೀಟು ಅಲ್ಲಾಡ್ತಿದೆ ಅಂತ.” “ಅಮ್ಮಂಗೆ ಹೇಳು, ನಿನ್ನೇನೇ ಬಿಗಿ ಮಾಡಿದ್ದೀನಿ ಅಂತ.” ಎರಡು ಮಾರು ದೂರದಲ್ಲಿ ನಿಂತ ಇಬ್ಬರ ನಡುವೆ ಓಡಾಡಿ ಓಡಾಡಿ ಆ ಮಗುವಿಗೂ ಸಾಕಾಗಿ, ಕೊನೆಗೊಂದು ಬೆಳಿಗ್ಗೆ “ನಂಗೆ ಸ್ಕೂಲಿಗೆ ಲೇಟಾಗುತ್ತೆ, ಇಬ್ರಿಗೂ ಕಿವಿ ಇದೆ ತಾನೇ?” ಅಂತ ಬ್ಯಾಗು ಏರಿಸಿಕೊಂಡು ಹೊರಟುಹೋಗಿತ್ತು.

ಕಸುಬು ಅಂದರೆ ಕಯಾಕು. ಒಬ್ಬರ ಹಿಂದೆ ಒಬ್ಬರು ಕಾಲು ಚಾಚಿ ಕೂರುವ ಉದ್ದನೆಯ ಪ್ಲಾಸ್ಟಿಕ್ ದೋಣಿಗಳು. ಅವುಗಳಲ್ಲಿ ಸಂಸಾರಸ್ಥರನ್ನು ಕೂರಿಸಿಕೊಂಡು ಉಪ್ಪುನೀರಿನ ಕಾಡಿನ ಕಾಲುವೆಗಳಲ್ಲಿ ಸುತ್ತಾಡಿಸಿ ತರುವುದು. ‘ಅಜ್ಜಿಯಿಂದ ಮೊಮ್ಮಗುವಿನವರೆಗೆ, ನಿಸರ್ಗದ ಮಡಿಲಲ್ಲಿ’ ಅಂತ ಶೆಡ್ಡಿನ ಗೋಡೆಯ ಮೇಲೆ ಮಾವ ಬದುಕಿದ್ದಾಗಲೇ ಬರೆಸಿದ್ದ ನೀಲಿ ಅಕ್ಷರಗಳು ಇನ್ನೂ ಇದ್ದವು. ಕೆಳಗೆ ಶೆಡ್ಡು, ಮೇಲೆ ಎರಡು ಕೋಣೆಯ ಮನೆ. ಸರಿಯಾಗಿ ಒಣಗದ ಲೈಫ್ ಜಾಕೆಟ್ಟುಗಳ ವಾಸನೆ ಮೆಟ್ಟಿಲು ಹತ್ತಿ ಹಾಸಿಗೆಯವರೆಗೂ ಬರುತ್ತಿತ್ತು. ಅವಳು ಆ ವಾಸನೆಯಲ್ಲೇ ಮಲಗಿ, ಆ ವಾಸನೆಯಲ್ಲೇ ಎದ್ದು, ಅದನ್ನೇ ತೊಟ್ಟುಕೊಂಡು ನೀರಿಗಿಳಿಯುತ್ತಿದ್ದಳು. ಏಳು ವರ್ಷ. ದಿನಕ್ಕೆರಡು ಸಲ. ಅದೇ ಕಾಲುವೆ, ಅದೇ ತಿರುವು, ಅದೇ ಜೋಕು. “ಇಲ್ಲಿ ಮೊಸಳೆ ಇದೆಯಾ ಮೇಡಂ?” ಅಂತ ಯಾರಾದರೂ ಕೇಳಿಯೇ ಕೇಳುವರು. “ಇತ್ತು. ಬಂದೋರೆಲ್ಲ ಇದನ್ನೇ ಕೇಳ್ತಾರೆ ಅಂತ ಬೇಜಾರಾಗಿ ಬಿಟ್ಟು ಹೋಯ್ತು” ಅಂತ ಅವಳು. ಗೊಳ್ಳೆಂದು ನಗು. ಆ ನಗು ಎಷ್ಟು ಹೊತ್ತಿಗೆ ನಿಲ್ಲುತ್ತದೆ ಅನ್ನುವುದೂ ಅವಳಿಗೆ ಗೊತ್ತಿತ್ತು. ಮೊಸಳೆಯ ಮೇಲೆ ಅವಳಿಗೆ ಹೊಟ್ಟೆಕಿಚ್ಚು.

ಜಗಳಕ್ಕೆ ಕಾರಣ ಒಂದು ಹಾಳೆ. ಗಂಡ ಮುಂದಿನ ಐದು ತಿಂಗಳ ಪಟ್ಟಿ ಮಾಡಿ, ಪ್ರತಿದಿನದ ಎರಡೂ ಪಯಣಗಳ ಮುಂದೆ ಅವಳ ಹೆಸರು ಬರೆದು, ಗೋಡೆಗೆ ಅಂಟಿಸಿದ್ದ. ಕೇಳಿರಲಿಲ್ಲ. ಗಿರಾಕಿಗಳೆಲ್ಲ ಅವನನ್ನು ‘ಕ್ಯಾಪ್ಟನ್’ ಅನ್ನುತ್ತಿದ್ದರು. ಹದಿನಾಲ್ಕು ಅಡಿಗಿಂತ ದೊಡ್ಡ ದೋಣಿ ಮುಟ್ಟಿದವನಲ್ಲ. ಆದರೂ ಹಾಗೆ ಕರೆಸಿಕೊಂಡು ಕರೆಸಿಕೊಂಡು, ಕೇಳದೇ ಹೆಸರು ಬರೆಯುವ ಅಭ್ಯಾಸ ಬಂದುಬಿಟ್ಟಿತ್ತು. “ನಾನೇನು ನಿಮ್ಮ ಶೆಡ್ಡಿನ ಹುಟ್ಟಾ, ಮೊಳೆಗೆ ನೇತು ಹಾಕೋಕೆ?” ಅಂದಿದ್ದಳು. “ಇನ್ಯಾರನ್ನ ಬರೀಲಿ, ಪಕ್ಕದ ಮನೆಯವರನ್ನಾ?” ಅಂದಿದ್ದ. ಅಲ್ಲಿಗೆ ನಿಂತದ್ದು ಮಾತು.

ಅವನಿಗೆ ತಿಳಿಯದ ಇನ್ನೊಂದು ಹಾಳೆ ಅವಳ ಹತ್ತಿರವಿತ್ತು. ಬಸ್ಸಿನಲ್ಲಿ ಮೂರು ಗಂಟೆ ದೂರದ ಒಂದು ದೊಡ್ಡ ವಸತಿ ಶಾಲೆಗೆ ಈಜು ಕಲಿಸುವವರು ಬೇಕಾಗಿತ್ತು. ಇರಲು ಎರಡು ಕೋಣೆ ಕೊಡುತ್ತಿದ್ದರು, ಮಗಳಿಗೆ ಅಲ್ಲೇ ಸೀಟು. ತಮಾಷೆಗೆ ಅಂತ ಅರ್ಜಿ ಹಾಕಿದ್ದಳು. ತಮಾಷೆ ನಿಜವಾಗಿ ಕಾಗದ ಬಂದಿತ್ತು. ಶನಿವಾರ ಮಧ್ಯಾಹ್ನ ಹನ್ನೆರಡರೊಳಗೆ ಫೋನ್ ಮಾಡಿ ಬರುತ್ತೀರೋ ಇಲ್ಲವೋ ತಿಳಿಸಬೇಕು, ಇಲ್ಲದಿದ್ದರೆ ಪಟ್ಟಿಯಲ್ಲಿ ಎರಡನೆಯವರನ್ನು ಕರೆಯುತ್ತೇವೆ ಅಂತ ಸ್ಪಷ್ಟವಾಗಿ ಬರೆದಿತ್ತು. ಎಂಟು ದಿನ ಹೂಂ, ಊಹೂಂ ಅಂತ ತೂಗಾಡಿ, ಶುಕ್ರವಾರ ಪಾತ್ರೆ ತೊಳೆಯುವಾಗ ಹೂಂ ಅನ್ನುವ ಕಡೆಗೇ ತಕ್ಕಡಿ ಬಾಗಿತ್ತು. ಗಂಡನನ್ನು ಬಿಡುತ್ತಿದ್ದೇನಾ, ಕಾಲುವೆಯನ್ನು ಬಿಡುತ್ತಿದ್ದೇನಾ ಅಂತ ತನ್ನನ್ನೇ ಕೇಳಿಕೊಂಡರೆ ಉತ್ತರ ಬರುತ್ತಿರಲಿಲ್ಲ. ಹೋಗಬೇಕು ಅಂತ ಮಾತ್ರ ಗೊತ್ತಿತ್ತು. ಶನಿವಾರದ ಮೊದಲ ಪಯಣ ಮುಗಿಸಿ, ಹತ್ತೂವರೆಗೆ ದಡ ಸೇರಿ, ಗಂಡ ದೋಣಿ ತೊಳೆಯುವ ಹೊತ್ತಿಗೆ ಫೋನ್ ಮಾಡುವುದು ಅಂತ ನಿಶ್ಚಯಿಸಿಕೊಂಡಿದ್ದಳು.

ಇನ್ನು ಆ ಮನೆಯ ಒಂದು ಪದ್ಧತಿ ಹೇಳಿಬಿಡಬೇಕು. ಆ ಕಾಲುವೆಗಳಿಗೆ ನೀರು ಸಮುದ್ರದಿಂದ ಬರಬೇಕು. ಉಬ್ಬರ ಎಷ್ಟು ಗಂಟೆಗೆ ಅಂತ ಗಂಡ ಪ್ರತಿ ಬೆಳಿಗ್ಗೆ ಶೆಡ್ಡಿನ ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದ. ಅವನು ಬರೆಯುತ್ತಿದ್ದುದು ಹೊಳೆ ಸಮುದ್ರ ಸೇರುವ ಬಾಯಲ್ಲಿ ಉಬ್ಬರವಾಗುವ ಹೊತ್ತು. ಅದೇ ಮುದ್ರಿತ ಪುಸ್ತಕದಲ್ಲಿ ಇರುತ್ತಿದ್ದುದು. ಅದು ಇವರ ಕಾಲುವೆಯವರೆಗೆ ತೆವಳಿ ಬರಲು ನಲವತ್ತು ನಿಮಿಷ ಬೇಕು. ಆ ನಲವತ್ತನ್ನು ಸೇರಿಸಿಕೊಳ್ಳುವುದು ನೀರಿಗಿಳಿಯುವವರ ಕೆಲಸ. ಬರೆಯುವವನು ಸೇರಿಸಬಾರದು, ಇಳಿಯುವವನು ಮರೆಯಬಾರದು. ಮಾವನ ಕಾಲದಿಂದ ಹೀಗೆ, ಒಂದು ದಿನವೂ ತಪ್ಪಿದ್ದಿಲ್ಲ.

ಶನಿವಾರ ಹಲಗೆಯ ಮೇಲೆ ‘7.50’ ಅಂತಿತ್ತು. ಅವಳು ಓದಿದಳು, ಸೇರಿಸಿದಳು. ಎಂಟೂವರೆ. ಉಬ್ಬರ ಕಳೆದು ಒಂದೂವರೆ ಗಂಟೆಯವರೆಗೂ ಮನೆಯವರು ‘ಹೊಸ್ತಿಲು’ ಅನ್ನುತ್ತಿದ್ದ ಇಕ್ಕಟ್ಟಿನ ಜಾಗದಲ್ಲಿ ನೀರಿರುತ್ತದೆ. ಹತ್ತರೊಳಗೆ ಅದನ್ನು ದಾಟಿ ಹೊರಬಂದರಾಯಿತು. ಬೇಕಾದಷ್ಟು ಹೊತ್ತಿದೆ ಅಂದುಕೊಂಡಳು.

ಅವತ್ತಿನ ಗಿರಾಕಿಗಳು ನಾಲ್ಕು ಜನ. ಹಲ್ಲಿನ ಡಾಕ್ಟರು, ಅವರ ಹೆಂಡತಿ, ಐದು ವರ್ಷದ ಮಗಳು ಪುಟ್ಟಿ, ಡಾಕ್ಟರ ತಾಯಿ. ಗಂಡ ಹೆಂಡತಿ ಒಂದು ಕಯಾಕಿನಲ್ಲಿ, ನಡುವೆ ಪುಟ್ಟಿ. ಅಜ್ಜಿ ಇನ್ನೊಂದರಲ್ಲಿ ಮುಂದೆ, ಹಿಂದೆ ಅವಳು.

“ನಾನು ಹುಟ್ಟು ಹಾಕಬೇಕಾ?” ಅಜ್ಜಿ ತಿರುಗದೆ ಕೇಳಿದರು. ತಿರುಗಲು ಆಗುತ್ತಿರಲಿಲ್ಲ.

“ಬೇಡಿ ಅಮ್ಮ. ಆರಾಮಾಗಿ ಕೂತ್ಕೊಳ್ಳಿ.”

“ಎಪ್ಪತ್ತೆರಡು ವರ್ಷದಲ್ಲಿ ಮೊದಲನೇ ಸಲ ಈ ಮಾತು ಕೇಳ್ತಿದ್ದೀನಿ. ಬರೆದುಕೊಡ್ತೀಯಾ?”

ಕಾಲುವೆ ಒಳಗೆ ಹೋದಹಾಗೆ ಎರಡೂ ಕಡೆಯ ಮರಗಳು ಬೇರುಗಳ ಮೇಲೆ ಎದ್ದು ನಿಂತಂತಿದ್ದವು. ಡಾಕ್ಟರು ಆ ಬೇರುಗಳನ್ನು ನೋಡಿ “ಇಂಥ ಬೇರಿರೋ ಹಲ್ಲು ಸಿಕ್ಕಿದ್ರೆ ನನ್ನ ಕಥೆ ಮುಗೀತು” ಅಂದರು. ಪುಟ್ಟಿ ಏಡಿ ಎಣಿಸುತ್ತಾ ಹದಿಮೂರಾದ ಮೇಲೆ ಮತ್ತೆ ಹತ್ತಕ್ಕೆ ಬರುತ್ತಿದ್ದಳು. ಒಳಗಿನ ಕೊಳದಲ್ಲಿ ಬೆಳ್ಳಕ್ಕಿಗಳಿದ್ದವು. ನೀರು ಕನ್ನಡಿಯಂತಿತ್ತು. ಎಲ್ಲವೂ ಫೋಟೋದಲ್ಲಿದ್ದ ಹಾಗೇ ಇದೆ ಅಂತ ಡಾಕ್ಟರ ಹೆಂಡತಿ ಸಮಾಧಾನಪಟ್ಟುಕೊಂಡರು.

ಅವಳು ಮಾತ್ರ ಅಲ್ಲಿರಲಿಲ್ಲ. ‘ನಮಸ್ಕಾರ, ನಾನು ಬರ್ತೀನಿ ಅಂತ ಹೇಳೋಕೆ ಫೋನ್ ಮಾಡಿದೆ’ ಅನ್ನಬೇಕಾ, ‘ಒಪ್ಪಿಗೆ ಇದೆ’ ಅನ್ನಬೇಕಾ ಅಂತ ಹುಟ್ಟಿನ ಪ್ರತಿ ಎಳೆತಕ್ಕೂ ವಾಕ್ಯ ಬದಲಿಸುತ್ತಿದ್ದಳು. ಬೇರುಗಳ ಮೇಲೆ ಒದ್ದೆ ಗೆರೆ ನೀರಿನಿಂದ ಒಂದು ಗೇಣು ಮೇಲಿದ್ದುದು ಕಣ್ಣಿಗೆ ಬಿದ್ದಿತ್ತು. ಬೇರೆ ದಿನವಾಗಿದ್ದರೆ, ನೀರು ಆಗಲೇ ಇಳಿಯುತ್ತಿದೆ ಅಂತ ತಕ್ಷಣ ದೋಣಿ ತಿರುಗಿಸುತ್ತಿದ್ದಳು. ಅವತ್ತು ‘ಸಮುದ್ರದ ಕಡೆ ಗಾಳಿ ಜಾಸ್ತಿ ಇರಬೇಕು’ ಅಂದುಕೊಂಡು ಮತ್ತೆ ವಾಕ್ಯಕ್ಕೆ ಮರಳಿದಳು.

ಹತ್ತಕ್ಕೆ ಕಾಲು ಗಂಟೆ ಇದ್ದಾಗ ಹೊಸ್ತಿಲಿಗೆ ಬಂದರು. ಕಯಾಕಿನ ಅಡಿಯಲ್ಲಿ ಯಾರೋ ಮೆಲ್ಲಗೆ ಕೈಯಾಡಿಸಿದ ಹಾಗಾಯಿತು. ಜೋರಾಗಿ ಎಳೆದಳು. ಹತ್ತು ಅಡಿ ಮುಂದೆ ಹೋಗಿ ದೋಣಿ ನಿಂತಿತು. ಡಾಕ್ಟರ ದೋಣಿ ಹಿಂದಿನಿಂದ ಬಂದು ಪಕ್ಕದಲ್ಲೇ ಮೂಗು ಹೂತು ಕೂತಿತು. ಹಿಂದಕ್ಕೆ ತಳ್ಳಿದಳು, ಅಲ್ಲಾಡಲಿಲ್ಲ. ಕತ್ತು ತಿರುಗಿಸಿ ನೋಡಿದರೆ ಈಗಷ್ಟೇ ದಾಟಿ ಬಂದ ಜಾಗದಲ್ಲೂ ಕೆಸರು ಬೆನ್ನು ತೋರಿಸುತ್ತಿತ್ತು. ಹುಟ್ಟನ್ನು ನೆಟ್ಟಗೆ ಕೆಳಗಿಳಿಸಿದಳು. ಅದು ಹೋಯಿತು, ಹೋಯಿತು, ಅವಳ ಮುಷ್ಟಿಯವರೆಗೂ ಹೋಯಿತು. ಕೀಳುವಾಗ ಕೆಸರು ಚಪ್ಪರಿಸಿದ ಸದ್ದಾಯಿತು.

“ಏನಾಯ್ತು ಮೇಡಂ?” ಡಾಕ್ಟರು ಕೇಳಿದರು.

“ನೀರು ಸ್ವಲ್ಪ ಬೇಗ ಇಳಿದಿದೆ. ಯಾರೂ ಇಳೀಬೇಡಿ. ಕಾಲಿಟ್ರೆ ಸೊಂಟದವರೆಗೂ ಹೋಗುತ್ತೆ. ದೋಣಿಯಲ್ಲಿ ಕೂತಿದ್ರೆ ಏನೂ ಆಗಲ್ಲ.” ನಗು ತಾನೇ ತಾನಾಗಿ ಮುಖಕ್ಕೆ ಬಂತು. ಏಳು ವರ್ಷದ ನಗು, ಅದಕ್ಕೆ ಅವಳ ಅಪ್ಪಣೆ ಬೇಕಿರಲಿಲ್ಲ.

“ಮತ್ತೆ ನೀರು ಯಾವಾಗ ಬರುತ್ತೆ?”

ಅವಳು ಲೆಕ್ಕ ಹಾಕಿದಳು. ಹೇಗೆ ಹಾಕಿದರೂ ಸಂಜೆ ಆರೂವರೆ. “ಅಷ್ಟರೊಳಗೆ ಯಜಮಾನರು ಬರ್ತಾರೆ” ಅಂದಳು. ಜಾಕೆಟ್ಟಿಗೆ ಕಟ್ಟಿದ್ದ ಪೀಪಿ ಬಾಯಿಗಿಟ್ಟು ಮೂರು ಸಲ ಊದಿದಳು. ಮರಗಳು ಆ ಸದ್ದನ್ನು ನುಂಗಿಕೊಂಡವು. ನೀರು ಸೋಕದ ಚೀಲದಿಂದ ಫೋನ್ ತೆಗೆದಳು. ಆ ತಗ್ಗಿನಲ್ಲಿ ಸಿಗ್ನಲ್ ಬಂದ ಇತಿಹಾಸವೇ ಇರಲಿಲ್ಲ. ಆದರೂ ಕೈ ಎತ್ತಿ ಹಿಡಿದಳು, ಬಗ್ಗಿ ಹಿಡಿದಳು, ಆಕಾಶಕ್ಕೆ ತೋರಿಸಿದಳು.

“ಯಾರಿಗಮ್ಮ ಅಷ್ಟು ಅರ್ಜೆಂಟು?” ಅಜ್ಜಿ ಕೇಳಿದರು, ಕಣ್ಣು ಮುಂದಕ್ಕೇ ಇಟ್ಟುಕೊಂಡು.

“ನಿಮಗೆ ಹೇಗೆ ಗೊತ್ತಾಯ್ತು?”

“ನೀನು ಕೈ ಎತ್ತಿದಾಗೆಲ್ಲ ನನ್ನ ಕುಂಡೆ ಕೆಳಗೆ ದೋಣಿ ಅಲ್ಲಾಡುತ್ತೆ.”

ಹೇಳಬಾರದು ಅಂತಿದ್ದಳು. ಆದರೆ ಬೆನ್ನಿಗೆ ಹೇಳುವುದು ಮುಖಕ್ಕೆ ಹೇಳಿದಷ್ಟು ಕಷ್ಟವಲ್ಲ. ಕಿತ್ತಳೆ ಬಣ್ಣದ ಜಾಕೆಟ್ಟಿನ ಮೇಲಿದ್ದ ಆ ಬಿಳಿ ತುರುಬಿಗೆ, ದನಿ ತಗ್ಗಿಸಿ, ಎಲ್ಲ ಹೇಳಿದಳು. ಶಾಲೆ, ಎರಡು ಕೋಣೆ, ಹನ್ನೆರಡು ಗಂಟೆ. ಗಂಡನಿಗೆ ಗೊತ್ತಿಲ್ಲ ಅನ್ನುವುದನ್ನೂ.

ತುರುಬು ಒಂದು ಸಲ ಅಲ್ಲಾಡಿತು. “ಹೊಡೀತಾನಾ?”

“ಅಯ್ಯೋ ಇಲ್ಲ.”

“ಕುಡೀತಾನಾ?”

“ಇಲ್ಲಮ್ಮ. ಒಳ್ಳೆಯವರೇ.”

“ಅದೇ ಕಷ್ಟ. ಕೆಟ್ಟವನಾಗಿದ್ರೆ ಇಷ್ಟು ಹೊತ್ತಿಗೆ ಬಸ್ಸು ಹತ್ತಿರ್ತಿದ್ದೆ.” ಆಮೇಲೆ ಅಜ್ಜಿ ದನಿ ಇನ್ನೂ ತಗ್ಗಿಸಿದರು. “ನಂದೂ ಒಂದು ಅರ್ಜೆಂಟಿದೆ. ನಿಂದಕ್ಕಿಂತ ಮೊದಲು ಮುಗೀಬೇಕಾದ್ದು. ಬೆಳಿಗ್ಗೆ ಎರಡು ಲೋಟ ಕಾಫಿ ಕುಡಿದುಬಿಟ್ಟೆ.”

ಬಿಸಿಲು ಏರಿತು. ಕೆಸರಿನ ಮೇಲಿನ ಹೊಳಪು ಹೋಗಿ ಬಿರುಕಿನ ಗೆರೆಗಳು ಕಂಡವು. ಎಲ್ಲೆಡೆ ಸಣ್ಣ ತೂತುಗಳಿಂದ ಗುಳ್ಳೆಗಳು ಒಡೆಯುತ್ತಿದ್ದವು, ಯಾರೋ ಕೆಳಗೆ ಕೂತು ಪಿಸುಗುಡುತ್ತಿದ್ದ ಹಾಗೆ. ಕೊಳೆತ ಎಲೆಯ ವಾಸನೆ ದಟ್ಟವಾಯಿತು. ಕಾಲು ಮಡಚಲು ಜಾಗವಿಲ್ಲ, ನಿಲ್ಲಲು ಧೈರ್ಯವಿಲ್ಲ. ಪುಟ್ಟಿ ಮೊದಲು ಹಾಡಿದಳು, ಆಮೇಲೆ ಅತ್ತಳು, ಆಮೇಲೆ ‘ಮನೆಗೆ ಹೋಗಣ’ ಅನ್ನುವ ಎರಡು ಪದಗಳನ್ನು ಒಂದೇ ರಾಗದಲ್ಲಿ ಹೇಳುತ್ತಾ ಕೂತಳು. ಡಾಕ್ಟರ ಹೆಂಡತಿ ಗಂಡನ ಕಡೆ ತಿರುಗಿ “ಬೆಟ್ಟಕ್ಕೆ ಹೋಗಣ ಅಂದೆ ತಾನೇ ನಾನು?” ಅಂದರು. ಡಾಕ್ಟರು ಇದ್ದಕ್ಕಿದ್ದ ಹಾಗೆ ದೂರದ ಒಂದು ಹಕ್ಕಿಯಲ್ಲಿ ಆಸಕ್ತಿ ತಾಳಿದರು.

ಅವಳು ಹತ್ತು ನಿಮಿಷಕ್ಕೊಮ್ಮೆ ಪೀಪಿ ಊದುತ್ತಿದ್ದಳು. ಬಲಗಡೆ ನೂರು ಹೆಜ್ಜೆ ಆಚೆ ಮಣ್ಣಿನ ಒಡ್ಡು. ಅದರ ಮೇಲೆ ದಾರಿ, ದಾರಿಯ ಮೇಲೆ ಸಿಗ್ನಲ್. ನೂರೇ ಹೆಜ್ಜೆ. ಹಾರಿಬಿಡೋಣ ಅನ್ನಿಸುತ್ತಿತ್ತು. ಹತ್ತೂವರೆ ಆಯಿತು. ಹತ್ತು ಐವತ್ತಾಯಿತು. ಗಡಿಯಾರ ನೋಡಬಾರದು ಅಂತ ಮುಂಗೈ ಮೇಲೆ ಇನ್ನೊಂದು ಕೈ ಮುಚ್ಚಿದಳು.

ಹನ್ನೊಂದಕ್ಕೆ ಒಡ್ಡಿನ ಮೇಲೆ ಗಂಡ ಕಂಡ. ಹೆಗಲ ಮೇಲೆ ಕೆಸರುಹಲಗೆ ಇತ್ತು. ಏಡಿ ಹಿಡಿಯುವವರು ಬಳಸುವ, ಮುಂದಿನ ತುದಿ ಮೇಲಕ್ಕೆ ಬಾಗಿದ ಉದ್ದನೆಯ ಹಲಗೆ. ಒಂದು ಮೊಣಕಾಲು ಅದರ ಮೇಲೂರಿ, ಇನ್ನೊಂದು ಕಾಲಿನಿಂದ ಕೆಸರನ್ನು ಒದೆಯುತ್ತಾ ಜಾರಬೇಕು. ಹಾಗೇ ಜಾರುತ್ತಾ ಬಂದ. ಹತ್ತಿರ ಬರುವ ಹೊತ್ತಿಗೆ ಹುಬ್ಬಿನವರೆಗೂ ಕೆಸರು.

“ಕ್ಯಾಪ್ಟನ್ ಬಂದ್ರು!” ಅಂತ ಡಾಕ್ಟರು ಚಪ್ಪಾಳೆ ತಟ್ಟಿದರು.

ಗಂಡ ಚಪ್ಪಾಳೆಗೆ ನಗಲಿಲ್ಲ. ನೇರ ಅವಳನ್ನು ನೋಡಿದ. ಒಂಬತ್ತು ದಿನದ ನಂತರ ಮೊದಲ ನಿಜವಾದ ಮಾತು. “ಒಂಬತ್ತೂ ಇಪ್ಪತ್ತಕ್ಕೆ ಹೊಸ್ತಿಲು ದಾಟಬೇಕಿತ್ತು. ಎಲ್ಲಿದ್ದೆ?”

“ಒಂಬತ್ತೂ ಇಪ್ಪತ್ತಲ್ಲ, ಹತ್ತು ಗಂಟೆ. ನೀವು ಏಳು ಐವತ್ತು ಅಂತ ಬರೆದಿದ್ರಿ. ನಲವತ್ತು ಸೇರಿಸಿದ್ರೆ ಎಂಟೂವರೆ.”

“ನಲವತ್ತು ಸೇರಿಸೇ ಬರೆದಿದ್ದೆ.”

ಅವಳಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. “ನೀವು ಯಾವತ್ತೂ ಸೇರಿಸಲ್ಲ.”

“ಇವತ್ತು ಸೇರಿಸಿದೆ.”

“ಯಾಕೆ? ಏಳು ವರ್ಷದಲ್ಲಿ ಇಲ್ಲದ್ದು ಇವತ್ತ್ಯಾಕೆ?”

ಅವನು ಹಲಗೆಯ ಅಂಚಿನ ಕೆಸರನ್ನು ಹೆಬ್ಬೆರಳಿನಿಂದ ಒರೆಸಿದ. ಒರೆಸಿದಷ್ಟೂ ಹರಡಿತು. “ದಿನಾ ನೀನೇ ಲೆಕ್ಕ ಹಾಕ್ತೀಯ. ಒಂದು ಕೆಲಸ ಕಮ್ಮಿ ಆಗ್ಲಿ ಅಂತ. ಬಾಯಲ್ಲಿ ಹೇಳೋಕೆ…” ಅಷ್ಟಕ್ಕೆ ನಿಲ್ಲಿಸಿದ. “ನೋಡಿದ ಕೂಡಲೇ ಗೊತ್ತಾಗುತ್ತೆ ಅಂದ್ಕೊಂಡೆ.”

ಪುಟ್ಟಿ ರಾಗ ನಿಲ್ಲಿಸಿದಳು. ಗಂಡನ ಮುಖ ನೋಡಿ ಅವಳಿಗೆ ನಗು ಬಂತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಈ ಮನುಷ್ಯ ರಾಜಿ ಮಾಡಿಕೊಳ್ಳಲು ಹೋಗಿ ಐದು ಜನರನ್ನು ಕೆಸರಲ್ಲಿ ನೆಟ್ಟಿದ್ದಾನೆ. ಅವಳು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟ ದಿನವೇ ಅವನಿಗೆ ಪ್ರೀತಿ ಉಕ್ಕಬೇಕಿತ್ತಾ?

“ಹಲಗೆ ಮೇಲೆ ಒಬ್ಬೊಬ್ಬರೇ. ಮಗು ಆದ್ರೆ ತೊಡೆ ಮೇಲೆ,” ಗಂಡ ಡಾಕ್ಟರ ಹೆಂಡತಿಗೆ ಕೈ ಚಾಚಿದ. “ನೀವು ಬನ್ನಿ, ಪುಟ್ಟೀನ ಗಟ್ಟಿ ಹಿಡ್ಕೊಳ್ಳಿ.”

ಹೋಗಿ ಬರಲು ಅರ್ಧ ಗಂಟೆಯ ಹತ್ತಿರ ಬೇಕು ಅಂತ ಅವಳ ತಲೆ ತಾನಾಗಿ ಎಣಿಸಿತು. ಆಮೇಲೆ ಅಜ್ಜಿ, ಆಮೇಲೆ ಡಾಕ್ಟರು, ಗೈಡು ಕೊನೆಗೆ. ಅವಳ ಸರದಿ ಬರುವ ಹೊತ್ತಿಗೆ ಮಧ್ಯಾಹ್ನ ಒಂದು. ಗೈಡು ಗಿರಾಕಿಗಳನ್ನು ಬಿಟ್ಟು ಮೊದಲು ಹೋಗುವ ಮಾತೇ ಇಲ್ಲ. ಅದನ್ನು ಯಾರೂ ಗೋಡೆಯ ಮೇಲೆ ಬರೆದಿರಲಿಲ್ಲ, ಬರೆಯಬೇಕಾಗಿಯೂ ಇರಲಿಲ್ಲ.

“ಒಂದು ನಿಮಿಷ,” ಅಂದಳು. ಚೀಲದಿಂದ ಫೋನ್ ತೆಗೆದು ನಂಬರು ತೋರಿಸಿದಳು. “ಒಡ್ಡಿನ ಮೇಲೆ ಹೋದ ತಕ್ಷಣ ಈ ನಂಬರಿಗೆ ಫೋನ್ ಮಾಡಿ. ನಾನು ಬರ್ತೀನಿ ಅಂತ ಹೇಳಿ.”

“ಎಲ್ಲಿಗೆ ಬರ್ತೀಯ?”

“ಒಂದು ಶಾಲೆ. ಈಜು ಕಲಿಸೋ ಕೆಲಸ. ಇರೋಕೆ ಮನೆ ಕೊಡ್ತಾರೆ. ಹನ್ನೆರಡರೊಳಗೆ ಹೇಳ್ಬೇಕು.”

“ಮಗಳು?”

“ಅವಳಿಗೂ ಅಲ್ಲೇ ಸೀಟಿದೆ.”

“ಅವಳಿಗೆ ಗೊತ್ತಾ?”

“ಮನೆಯಲ್ಲಿ ನಿಮಗೇ ಮೊದಲು ಹೇಳ್ತಿರೋದು. ಈಗ.”

ಡಾಕ್ಟರು ತಮ್ಮ ಪಾದಗಳನ್ನು ಪರೀಕ್ಷಿಸಿದರು. ಅವರ ಹೆಂಡತಿ ಹಲಗೆಗೆ ಒಂದು ಕಾಲು, ದೋಣಿಯಲ್ಲಿ ಒಂದು ಕಾಲು ಇಟ್ಟು ಹಾಗೇ ನಿಂತಿದ್ದರು. ಗಂಡ ಫೋನನ್ನು ನೋಡಿದ, ಅವಳನ್ನು ನೋಡಿದ. ಫೋನ್ ತಗೊಂಡು ಅಂಗಿಯ ಒಳಜೇಬಿಗೆ ಹಾಕಿದ. “ಕೂತ್ಕೊಳ್ಳಿ ಅಮ್ಮ,” ಅಂತ ಡಾಕ್ಟರ ಹೆಂಡತಿಗೆ ಹೇಳಿ ಕೆಸರನ್ನು ಒದ್ದ.

ಹಲಗೆ ದೂರ ಹೋಯಿತು. ಒಡ್ಡಿನ ಮೇಲೆ ತಾಯಿ ಮಗಳು ಇಳಿದರು. ಗಂಡ ಅಲ್ಲೇ ನಿಂತ, ಫೋನ್ ಕಿವಿಗಿಟ್ಟ. ಇಲ್ಲಿಂದ ಅವನು ಒಂದು ಬೆರಳಿನಷ್ಟೇ ಕಾಣುತ್ತಿದ್ದ. ಏನು ಹೇಳುತ್ತಿದ್ದಾನೆ? ಒಂದೇ ಒಂದು ಪದ ಬದಲಿಸಿದರೂ ಸಾಕು. ‘ಬರಲ್ಲವಂತೆ’ ಅಂದರೆ ಅವರು ‘ಆಯ್ತು’ ಅಂದು ಎರಡನೆಯವರಿಗೆ ಫೋನ್ ಮಾಡುತ್ತಾರೆ. ಅವಳಿಗೆ ಯಾವತ್ತೂ ತಿಳಿಯುವುದಿಲ್ಲ.

“ನಂಬ್ತೀಯಾ ಅವನನ್ನ?” ಅಜ್ಜಿ ಕೇಳಿದರು.

“ಇನ್ನೇನು ಮಾಡಲಿ, ಕೂತಿದ್ದೀನಲ್ಲ ಇಲ್ಲಿ.”

“ಅದು ಉತ್ತರ ಅಲ್ಲ.”

ಗಂಡ ವಾಪಸ್ಸು ಬರುತ್ತಿದ್ದ. ಹನ್ನೊಂದು ಮೂವತ್ತೆಂಟು. ಹಲಗೆ ಬಂದು ದೋಣಿಗೆ ತಾಗಿತು. ಅವನಿಗೆ ಏದುಸಿರು.

“ನಾನು ಹೇಳಿದ್ರೆ ಆಗಲ್ಲವಂತೆ. ನೀವು ಯಾರು ಅಂದ್ರು. ಗಂಡ ಅಂದೆ. ಅವರ ಬಾಯಿಂದಾನೇ ಕೇಳಬೇಕು, ಅಂದ್ರು. ಆಫೀಸು ಹನ್ನೆರಡಕ್ಕೆ ಮುಚ್ಚುತ್ತಂತೆ.” ಬೆವರು ಒರೆಸಿಕೊಳ್ಳಲು ಹೋಗಿ ಮುಖಕ್ಕೆ ಇನ್ನಷ್ಟು ಕೆಸರು ಬಳಿದುಕೊಂಡ. “ಕೆಸರಲ್ಲಿ ಸಿಕ್ಕಿಹಾಕ್ಕೊಂಡಿದ್ದಾಳೆ ಅಂತಲೂ ಹೇಳಿದೆ. ಆ ಮನುಷ್ಯ ನಂಬಲಿಲ್ಲ.”

ಅವಳು ಕಣ್ಣು ಮುಚ್ಚಿದಳು. ಮುಗಿಯಿತು ಅಂದುಕೊಂಡಳು. ವಿಚಿತ್ರವೆಂದರೆ ಮೊದಲು ಅನ್ನಿಸಿದ್ದು ದುಃಖವಲ್ಲ, ಆಯಾಸ. ಇನ್ನು ಫೋನ್ ಮಾಡಬೇಕಾಗಿಲ್ಲ. ಯಾರಿಗೂ ಏನೂ ಹೇಳಬೇಕಾಗಿಲ್ಲ. ಸಂಜೆಯ ಪಯಣ ರದ್ದು, ನಾಳೆ ಬೆಳಿಗ್ಗೆ ಮತ್ತೆ ಶೆಡ್ಡು, ಮೊಸಳೆ, ನಗು. ಹೂತುಹೋಗುವುದು ಎಷ್ಟು ಸುಲಭ, ಸುಮ್ಮನೆ ಕೂತರಾಯಿತು.

“ಏಳು,” ಅಂದ ಗಂಡ.

“ಏನು?”

“ಏಳು ಅಂದೆ. ಸೀಟು ಬಿಡು. ನಾನು ಕೂರ್ತೀನಿ, ನೀನು ಹಲಗೆ ತಗೋ.”

“ಗಿರಾಕಿಗಳನ್ನ ಬಿಟ್ಟು…”

“ಗೈಡು ಒಬ್ಬ ದೋಣಿ ಹತ್ರ ಇರಬೇಕು, ಅಷ್ಟೇ ತಾನೇ? ನಾನೂ ಗೈಡೇ. ನಿನಗಿಂತ ಕೆಟ್ಟ ಗೈಡು, ಆದ್ರೂ ಗೈಡೇ. ಅಜ್ಜೀನ ಕರ್ಕೊಂಡು ಹೋಗು. ಹಲಗೆ ತಳ್ಳೋಕೆ ಬರುತ್ತೆ ತಾನೇ, ನಮ್ಮಪ್ಪ ಕಲಿಸಿದ್ರಲ್ಲ.”

ಅವಳು ಅವನ ಮುಖ ನೋಡಿದಳು. ಕೆಸರಿನಲ್ಲಿ ಕಣ್ಣು ಮಾತ್ರ ಕಾಣುತ್ತಿತ್ತು; ಅದರಲ್ಲಿ ಏನಿದೆ ಅಂತ ಓದಲು ಸಮಯವಿರಲಿಲ್ಲ. ಅವನು ಅತ್ತಿಂದ, ಅವಳು ಇತ್ತಿಂದ, ಒಬ್ಬರ ತೋಳು ಒಬ್ಬರು ಹಿಡಿದುಕೊಂಡು ಜಾಗ ಬದಲಿಸಿದರು. ಒಂಬತ್ತು ದಿನದಲ್ಲಿ ಮೊದಲ ಸಲ ಒಬ್ಬರನ್ನೊಬ್ಬರು ಮುಟ್ಟಿದ್ದು. ಅವನು ಅವಳ ಸೀಟಿನಲ್ಲಿ ಕೂತ. ಮೊಣಕಾಲುಗಳು ಎದೆಗೆ ಬಂದವು. ಅವಳ ಅಳತೆಗೆ ಬಿಗಿದ ಸೀಟು ಅದು.

“ಇಷ್ಟು ಇಕ್ಕಟ್ಟಾ ಇದು?” ಅಂದ.

ಅವಳು ಫೋನ್ ತಗೊಂಡಳು. ಅಜ್ಜಿಯನ್ನು ಇಬ್ಬರೂ ಸೇರಿ ಹಲಗೆಯ ಮೇಲೆ ಇಳಿಸಿದರು. “ನಾನು ಭಾರ ಕಣೆ, ನಿಧಾನ ಆಗುತ್ತೆ, ನೀನೊಬ್ಳೇ ಓಡು” ಅಂತ ಅಜ್ಜಿ. “ನಿಮ್ಮ ಅರ್ಜೆಂಟು ನನ್ನದಕ್ಕಿಂತ ಮೊದಲು ಅಂದ್ರಲ್ಲ” ಅಂತ ಅವಳು ಒದ್ದಳು.

ಹಲಗೆ ಸರಾಗ ಹೋಗಲಿಲ್ಲ. ಮೂರು ಒದೆತಕ್ಕೊಮ್ಮೆ ಕಾಲು ತೊಡೆಯವರೆಗೂ ಇಳಿದು ಹಿಡಿದುಕೊಳ್ಳುತ್ತಿತ್ತು. ಕಿತ್ತು ತೆಗೆದು ಮತ್ತೆ ಒದೆಯಬೇಕು. ಒಡ್ಡು ಅಲ್ಲೇ ಇತ್ತು, ಹತ್ತಿರ ಬರುತ್ತಲೇ ಇರಲಿಲ್ಲ. ಒಂದು ಸಲ ಹಲಗೆಯ ಮೂಗು ಕೆಸರಿಗೆ ಚುಚ್ಚಿಕೊಂಡು ಅಜ್ಜಿ ಮುಂದಕ್ಕೆ ಬಾಗಿದರು. “ಬಿದ್ರೆ ಬಿಟ್ಟು ಹೋಗು” ಅಂದರು, ನಿಜವಾಗಿಯೇ. ಅವಳಿಗೆ ಉತ್ತರಿಸಲು ಉಸಿರಿರಲಿಲ್ಲ. ಬಾಯಲ್ಲಿ ಉಪ್ಪು, ಕಿವಿಯಲ್ಲಿ ತನ್ನದೇ ರಕ್ತದ ಸದ್ದು. ಬೆಳಿಗ್ಗೆಯಿಂದ ಕಟ್ಟಿ ಕಟ್ಟಿ ಬದಲಿಸಿದ ವಾಕ್ಯಗಳೆಲ್ಲ ಎಲ್ಲಿ ಹೋದವೋ.

ಒಡ್ಡಿನ ಕಲ್ಲು ಕೈಗೆ ಸಿಕ್ಕಿತು. ಡಾಕ್ಟರ ಹೆಂಡತಿ ಅತ್ತೆಯನ್ನು ಮೇಲಕ್ಕೆಳೆದುಕೊಂಡು ಪೊದೆಯ ಹಿಂದೆ ಓಡಿಸಿದರು. ಅವಳು ಕೆಸರು ಮೆತ್ತಿದ ಬೆರಳಿನಿಂದ ಒತ್ತಿದಳು. ಫೋನ್ ಆ ಬೆರಳನ್ನು ಗುರುತಿಸಲಿಲ್ಲ. ಪುಟ್ಟಿಯ ಫ್ರಾಕಿಗೆ ಕೈ ಒರೆಸಿ ಮತ್ತೆ ಒತ್ತಿದಳು. ಹನ್ನೊಂದು ಐವತ್ತಾರು. ಆರು ಸಲ ರಿಂಗಾಯಿತು.

“ಹೇಳಿ,” ಅಂದಿತು ಒಂದು ಗಂಡು ದನಿ, ಚೀಲಕ್ಕೆ ಊಟದ ಡಬ್ಬಿ ತುರುಕುತ್ತಿದ್ದವರ ಹಾಗೆ.

“ನಾನು ಈಜು ಕಲಿಸೋ ಕೆಲಸಕ್ಕೆ… ಬರ್ತೀನಿ.” ಅಷ್ಟೇ ಬಂತು.

“ಓ, ಆ ಕೆಸರಿನವರಾ? ನಿಜವಾಗ್ಲೂ ಕೆಸರಲ್ಲಿದ್ರಾ?” ಹಾಳೆ ಮಗುಚಿದ ಸದ್ದು. “ಸೋಮವಾರ ಹತ್ತು ಗಂಟೆಗೆ ಬನ್ನಿ. ಮಗೂದು ಜನನ ಪತ್ರ ತನ್ನಿ.”

ಸಂಭ್ರಮವಾಗಬೇಕಿತ್ತು. ಆಗಲಿಲ್ಲ. ಒಡ್ಡಿನ ಮೇಲೆ ನಿಂತಿದ್ದ ಕಾಲು ಇನ್ನೂ ಹೂತುಹೋಗುತ್ತಿದ್ದ ಹಾಗೇ ಅನ್ನಿಸುತ್ತಿತ್ತು. ನೂರು ಹೆಜ್ಜೆ ಆಚೆ ಎರಡು ದೋಣಿ, ಎರಡು ತಲೆ. ಹಲಗೆ ಇಲ್ಲದೆ ಅವು ಅಲ್ಲಿಂದ ಒಂದು ಅಡಿಯೂ ಬರಲಾರವು. ಅವಳು ಹಲಗೆಯನ್ನು ತಿರುಗಿಸಿ, ಮೊಣಕಾಲೂರಿ, ಬಂದ ದಾರಿಗೇ ಮತ್ತೆ ಇಳಿದಳು.

ಡಾಕ್ಟರು ಹಲಗೆ ಹತ್ತುವಾಗ ಎರಡು ಸಲ ತಪ್ಪಿದರು. ಗಂಡ ಅವರ ಬೆನ್ನಿಗೆ ಕೈ ಕೊಟ್ಟ. ಕೂತ ಮೇಲೆ ಅವರು ಮರ್ಯಾದೆಯಿಂದ ಒಡ್ಡಿನ ಕಡೆಗೇ ಮುಖ ಮಾಡಿ, ಕಿವಿಯೇ ಇಲ್ಲದವರ ಹಾಗೆ ಕೂತರು.

“ಸಿಕ್ಕಿದ್ರಾ?” ಗಂಡ ಕೇಳಿದ.

“ಸಿಕ್ಕಿದ್ರು. ಸೋಮವಾರ.”

ಅವನು ತಲೆಯಾಡಿಸಿದ. ಹುಟ್ಟನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಿದ್ದ, ಎಲ್ಲೋ ಹೊರಟವನ ಹಾಗೆ. “ಯಾವ ಬಸ್ಸು?”

“ಆರು ಗಂಟೇದು. ಬೆಳಿಗ್ಗೆ.”

“ಹಾಗಾದ್ರೆ ಅವಳನ್ನ ಐದಕ್ಕೇ ಎಬ್ಬಿಸಬೇಕು. ಏಳಲ್ಲ ಅವಳು. ನಾನು ಎಬ್ಬಿಸ್ತೀನಿ.”

“ಇವರನ್ನ ಬಿಟ್ಟು ವಾಪಸ್ಸು ಬರ್ತೀನಿ, ನಿಮ್ಮನ್ನ ಕರ್ಕೊಂಡು ಹೋಗೋಕೆ.”

“ಬೇಡ. ದೋಣಿ ಬಿಟ್ಟು ಬರೋಕಾಗಲ್ಲ, ನೀರು ಬಂದಾಗ ತೇಲಿ ಹೋಗುತ್ತೆ. ಸಂಜೆ ನಾನೇ ತರ್ತೀನಿ.” ಸ್ವಲ್ಪ ತಡೆದು, “ನೀರಿನ ಬಾಟ್ಲು ಇದ್ರೆ ಕೊಟ್ಟು ಹೋಗು” ಅಂದ.

ಕೊಟ್ಟಳು. ಅರ್ಧ ಇತ್ತು. ಅವನು ಒಂದು ಗುಟುಕು ಕುಡಿದು ಮುಚ್ಚಳ ತಿರುಗಿಸಿ, ಪಾದಗಳ ನಡುವೆ ಇಟ್ಟುಕೊಂಡ. ಇನ್ನೂ ಆರು ಗಂಟೆ ಆ ಇಕ್ಕಟ್ಟಿನಲ್ಲಿ ಕಾಲು ಚಾಚಲೂ ಆಗದೆ ಕೂರಬೇಕು. ಅವಳು ಏಳು ವರ್ಷ ನೋಡಿದ್ದನ್ನು ನೋಡುತ್ತಾ: ಕೆಸರು, ಬೇರು, ಗುಳ್ಳೆ.

ಅವಳು ಒದ್ದಳು. ಹತ್ತು ಹೆಜ್ಜೆ ದೂರ ಹೋದ ಮೇಲೆ ತಿರುಗಿ ನೋಡಬೇಕು ಅನ್ನಿಸಿತು. ಹಲಗೆಯ ಮೇಲೆ ತಿರುಗಿದರೆ ಇಬ್ಬರೂ ಬೀಳುತ್ತಾರೆ. ತಿರುಗದೆ, ಡಾಕ್ಟರ ಬೆನ್ನನ್ನೇ ನೋಡುತ್ತಾ ಕೂಗಿದಳು:

“ಸೀಟಿನ ಬೆಲ್ಟು ಸಡಿಲ ಮಾಡ್ಕೊಳ್ಳಿ. ಎಡಗಡೆ ಕೊಕ್ಕೆ ಇದೆ.”

ಹಿಂದಿನಿಂದ ಕೊಕ್ಕೆ ಬಿಚ್ಚಿದ ಸಣ್ಣ ಸದ್ದು.